ಬಿಳುಪನ್ನು ಕಾಯುವ ಕಸುಬು: ಜಪಾನಿನ ಬೇಸಿಗೆಯ ಅರಿವೆ

ಅನ್ನ, ಅರಿವೆ, ಆಸರೆ – ಈ ಮೂರೂ ಮನುಷ್ಯನಿಗೆ ಬೇಕೇ ಬೇಕು. ಇವುಗಳಲ್ಲಿ ಅರಿವೆಯ ವಿಷಯ ನಮ್ಮ ಶಾಲೆಯ ಮಕ್ಕಳಿಗೆ ಹೊಸದಲ್ಲ. ಚಾದರಕ್ಕೂ ಟಾವೆಲ್ಲಿಗೂ ಹೆಸರಾದ ಸೊಲ್ಲಾಪುರದ ಸೀಮೆಯಲ್ಲಿ ಮಗ್ಗದ ಸದ್ದು ಕೇಳದ ಕಿವಿಗಳು ಕಡಿಮೆ. ನೂಲು, ಹಾಸು, ಹೊಕ್ಕು ಎಂಬ ಮಾತುಗಳು ಅನೇಕರ ಮನೆಯ ಮಾತುಗಳೇ ಆಗಿವೆ. ಆದರೆ ನೇಯ್ದು ಮುಗಿದ ಬಿಳಿಯ ಅರಿವೆಯ ಮೇಲೆ ಚಿತ್ತಾರ ಮೂಡಿಸುವ ಬಗೆಗಳಲ್ಲಿ ಒಂದು ಬಗೆ ಕೇಳುವುದಕ್ಕೆ ಸ್ವಲ್ಪ ವಿಚಿತ್ರವಾಗಿದೆ. ಅದರಲ್ಲಿ ಬಣ್ಣಗಾರನ ಜಾಣ್ಮೆ ಇರುವುದು ಬಣ್ಣ ಹಚ್ಚುವುದರಲ್ಲಿ ಅಲ್ಲ, ಬಣ್ಣ ಹತ್ತದಂತೆ ತಡೆಯುವುದರಲ್ಲಿ.

ಇದೇನು ಒಗಟು ಎನ್ನುತ್ತೀರಾ? ಹಬ್ಬದ ದಿನ ಅಂಗೈಗೆ, ಬೆರಳಿಗೆ ಮದರಂಗಿ ಹಚ್ಚಿಕೊಳ್ಳುವಾಗ ಬೆರಳಿನಲ್ಲಿ ಉಂಗುರ ಇದ್ದರೆ ಏನಾಗುತ್ತದೆ? ಉಂಗುರದ ಅಡಿಯ ಚರ್ಮಕ್ಕೆ ಬಣ್ಣ ಹತ್ತುವುದಿಲ್ಲ. ಉಂಗುರ ತೆಗೆದಾಗ ಅಲ್ಲಿ ಒಂದು ಗೆರೆ ಹಾಗೆಯೇ ಉಳಿದಿರುತ್ತದೆ. ಇಷ್ಟೇ ಇದರ ತತ್ವ. ಬಟ್ಟೆಯಲ್ಲಿ ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ದಾರದಿಂದ ಬಿಗಿದು, ಮಡಿಸಿ, ಹೊಲಿದು, ಇಲ್ಲವೇ ಅಂಟು ಬಳಿದು ಮುಚ್ಚುತ್ತಾರೆ. ಆಮೇಲೆ ಬಣ್ಣದಲ್ಲಿ ಅದ್ದುತ್ತಾರೆ. ಮುಚ್ಚಿದುದನ್ನು ಬಿಚ್ಚಿದಾಗ ಅಲ್ಲಿ ಬಿಳಿಯ ಹೂವೋ ಬಳ್ಳಿಯೋ ಕಾಣಿಸುತ್ತದೆ. ರಾಜಸ್ಥಾನ, ಗುಜರಾತಗಳ ಬಾಂಧಣಿ ಸೀರೆಗಳನ್ನು ಕಂಡವರಿಗೆ ಇದರ ಪರಿಚಯ ಇದ್ದೇ ಇದೆ. ಈ ಕಲೆಯನ್ನು ಜಪಾನಿನ ಜನ ತಮ್ಮ ಬೇಸಿಗೆಯ ಉಡುಪಿಗಾಗಿ ಹೇಗೆ ಬೆಳೆಸಿದರು, ಅದು ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸ್ನಾನದ ಮನೆಯಿಂದ ಬೀದಿಗೆ

ಜಪಾನಿನ ಸಾಂಪ್ರದಾಯಿಕ ಉಡುಪಾದ ಕಿಮೋನೋವನ್ನು ನೀವು ಚಿತ್ರಗಳಲ್ಲಿ ಕಂಡಿರಬಹುದು. ರೇಷ್ಮೆಯ ಕಿಮೋನೋ ಒಳಗಿನ ಅಸ್ತರು, ಸೊಂಟದ ಅಗಲವಾದ ಪಟ್ಟಿ ಎಲ್ಲವೂ ಸೇರಿ ಭಾರವಾಗಿರುತ್ತದೆ. ಅಲ್ಲಿಯ ಬೇಸಿಗೆಯಲ್ಲಿ ಅದನ್ನು ತೊಟ್ಟು ತಿರುಗುವುದು ಕಷ್ಟ. ನಮ್ಮ ಕಡೆಯದು ಒಣ ಬೇಸಿಗೆ. ಜಪಾನಿನದು ಬೆವರಿನ ಬೇಸಿಗೆ. ಜೂನ್ ತಿಂಗಳ ಮಳೆ ಕಳೆದು ಜುಲೈ, ಆಗಸ್ಟ್ ಬಂದಾಗ ಬಿಸಿಲಿನ ಜೊತೆಗೆ ಗಾಳಿಯಲ್ಲಿ ತೇವವೂ ತುಂಬಿ ಮೈಗೆ ಬಟ್ಟೆ ಅಂಟಿಕೊಳ್ಳುತ್ತದೆ. ಅಂತಹ ದಿನಗಳಿಗಾಗಿ ಇರುವ, ಅಸ್ತರಿಲ್ಲದ ಹತ್ತಿಯ ಉಡುಪೇ ಯುಕತ.

ಈ ಹೆಸರಿನಲ್ಲಿಯೇ ಅದರ ಚರಿತ್ರೆ ಅಡಗಿದೆ. ‘ಯು’ ಎಂದರೆ ಬಿಸಿನೀರು. ‘ಕತಬಿರ’ ಎಂದರೆ ಒಂದೇ ಪದರದ ನಿಲುವಂಗಿ. ಸುಮಾರು ಸಾವಿರ ವರ್ಷಗಳ ಹಿಂದೆ ಜಪಾನಿನ ದೊಡ್ಡ ಮನೆತನದವರು ಹಬೆಯ ಸ್ನಾನ ಮಾಡುವಾಗ ನಾರುಬಟ್ಟೆಯ ಇಂತಹ ಅಂಗಿಯನ್ನು ತೊಡುತ್ತಿದ್ದರು. ‘ಯುಕತಬಿರ’ ಎಂಬ ಆ ಹೆಸರೇ ಬಾಯಿಂದ ಬಾಯಿಗೆ ಸವೆದು ‘ಯುಕತ’ ಆಯಿತು. ಮುಂದೆ ೧೬೦೩ರಿಂದ ೧೮೬೮ರವರೆಗಿನ ಎದೋ ಕಾಲದಲ್ಲಿ ಪಟ್ಟಣಗಳಲ್ಲಿ ಸಾರ್ವಜನಿಕ ಸ್ನಾನದ ಮನೆಗಳು ಹೆಚ್ಚಿದವು. ಹತ್ತಿಯ ಬೆಳೆಯೂ ಹರಡಿತು. ಸ್ನಾನ ಮುಗಿಸಿದವರು ಮೈ ಆರಲೆಂದು ಹತ್ತಿಯ ಯುಕತ ತೊಟ್ಟು, ಸಂಜೆಯ ಗಾಳಿಗೆ ಹಾಗೆಯೇ ಮನೆಗೆ ನಡೆದರು. ಹೀಗೆ ಸ್ನಾನದ ಮನೆಯ ಉಡುಪು ಬೀದಿಗೆ ಬಂದು ಜನಸಾಮಾನ್ಯರ ಬೇಸಿಗೆಯ ಉಡುಪಾಯಿತು. ಇಂದಿಗೂ ಬೇಸಿಗೆಯ ಉತ್ಸವಗಳಲ್ಲಿ, ಬಾಣಬಿರುಸುಗಳನ್ನು ನೋಡಲು ನದಿಯ ದಂಡೆಗೆ ಹೋಗುವಾಗ, ಅಲ್ಲಿಯ ಹುಡುಗ ಹುಡುಗಿಯರು ಯುಕತ ತೊಡುತ್ತಾರೆ.

ಎದೋ ಕಾಲದ ಸರಕಾರ ಯಾರು ಯಾವ ಬಟ್ಟೆ ತೊಡಬೇಕೆಂಬುದಕ್ಕೂ ಕಟ್ಟಳೆಗಳನ್ನು ವಿಧಿಸಿತ್ತು. ರೈತರಿಗೆ ರೇಷ್ಮೆ ನಿಷಿದ್ಧ. ಪಟ್ಟಣದ ವರ್ತಕರ ಬೆಡಗಿಗೂ ಆಗಾಗ ಕಡಿವಾಣ ಬೀಳುತ್ತಿತ್ತು. ಆದರೆ ಚೆಲುವಿನ ಆಸೆಗೆ ಕಟ್ಟಳೆ ಹಾಕುವವರು ಯಾರು? ಬಣ್ಣಗಾರರು ಹತ್ತಿ ಮತ್ತು ನೀಲಿ ಎಂಬ ಎರಡು ಸಾಮಾನ್ಯ ಸರಕಿನಲ್ಲಿಯೇ ತಮ್ಮ ಜಾಣ್ಮೆಯನ್ನೆಲ್ಲ ಸುರಿದರು. ಬಡವರ ಬಟ್ಟೆಯಲ್ಲಿ ಅತ್ಯಂತ ನಾಜೂಕಿನ ಕೆಲಸ ಮೂಡಿದ್ದು ಹೀಗೆ.

ಒಂದು ಯುಕತಕ್ಕೆ ಸಾಲುವಷ್ಟು ಬಟ್ಟೆಯ ಸುರುಳಿಗೆ ‘ತನ್’ ಎನ್ನುತ್ತಾರೆ. ನಮ್ಮ ಅರಿವೆ ಅಂಗಡಿಯ ‘ಥಾನ’ಕ್ಕೂ ಇದಕ್ಕೂ ಇರುವುದು ಧ್ವನಿಯ ಹೋಲಿಕೆ ಮಾತ್ರ. ಇದರ ಅಗಲ ಸುಮಾರು ೩೬ರಿಂದ ೪೦ ಸೆಂಟಿಮೀಟರು, ಉದ್ದ ಸುಮಾರು ೧೨ ಮೀಟರು. ಹೊಲಿಯುವಾಗ ಬಟ್ಟೆಯನ್ನು ಎಲ್ಲಿಯೂ ವಕ್ರವಾಗಿ ಕತ್ತರಿಸುವುದಿಲ್ಲ. ನೇರವಾದ ತುಂಡುಗಳನ್ನು ನೇರವಾಗಿಯೇ ಕೂಡಿಸುತ್ತಾರೆ. ಆದುದರಿಂದ ಚೂರುಪಾರು ವ್ಯರ್ಥವಾಗುವುದಿಲ್ಲ. ಹೊಲಿಗೆ ಬಿಚ್ಚಿದರೆ ಪುನಃ ಬಟ್ಟೆಯೇ ಕೈಗೆ ಬರುತ್ತದೆ. ಹಳತಾದ ಯುಕತ ಮೊದಲು ಮಲಗುವಾಗ ತೊಡುವ ಅಂಗಿಯಾಗುತ್ತದೆ, ಆಮೇಲೆ ಕೂಸಿನ ಲಂಗೋಟಿಯಾಗುತ್ತದೆ, ಕಡೆಗೆ ನೆಲ ಒರೆಸುವ ಅರಿವೆಯಾಗುತ್ತದೆ. ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ನಮ್ಮ ಅಜ್ಜಿಯರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾದೀತು.

ನೀಲಿಯ ಬಾನಿ

ಬೇಸಿಗೆಯ ಬಟ್ಟೆಗೆ ನೀಲಿ ಮತ್ತು ಬಿಳಿ – ಈ ಜೋಡಿ ಕಣ್ಣಿಗೆ ನೀರಿನ ತಂಪನ್ನು ನೆನಪಿಸುತ್ತದೆ. ಜಪಾನಿನ ನೀಲಿ ನಮ್ಮ ದೇಶದ ನೀಲಿ ಗಿಡದಿಂದ ಬಂದುದಲ್ಲ. ಅಲ್ಲಿಯದು ಬೇರೆಯದೇ ಜಾತಿಯ ಗಿಡ. ಶಿಕೋಕು ದ್ವೀಪದಲ್ಲಿ ಯೋಶಿನೋ ನದಿಯ ದಂಡೆಯ ಅವಾ ಪ್ರಾಂತ, ಅಂದರೆ ಇಂದಿನ ತೋಕುಶಿಮಾ, ಅದರ ಬೆಳೆಗೆ ಹೆಸರಾಗಿದೆ. ಒಣಗಿಸಿದ ಎಲೆಗಳನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮೇಲಿಂದ ಮೇಲೆ ಮಗುಚುತ್ತ, ಸುಮಾರು ನೂರು ದಿನಗಳ ಕಾಲ ಗೊಬ್ಬರದಂತೆ ಕಳಿಯಿಸುತ್ತಾರೆ. ಹೀಗೆ ಸಿದ್ಧವಾದ ಕಪ್ಪು ಪದಾರ್ಥದ ಹೆಸರು ಸುಕುಮೋ. ಇದನ್ನು ಬಾನಿಯಲ್ಲಿ ಕಟ್ಟಿಗೆಯ ಬೂದಿಯ ತಿಳಿನೀರು, ಸುಣ್ಣ, ಗೋದಿಯ ತೌಡುಗಳೊಡನೆ ಕಲಸಿ ಹುಳಿಯಲು ಬಿಡುತ್ತಾರೆ.

ಹುಳಿಸುವುದೇಕೆ? ನೀಲಿ ನೀರಿನಲ್ಲಿ ಕರಗುವುದಿಲ್ಲ. ಕರಗದ ಬಣ್ಣ ನೂಲಿನ ಒಳಗೆ ಹೋಗುವುದೆಂತು? ಬಾನಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ಕರಗುವ ರೂಪಕ್ಕೆ ತರುತ್ತವೆ. ಆಗ ಬಾನಿಯ ದ್ರವ ಹಳದಿ ಬೆರೆತ ಹಸಿರಾಗಿರುತ್ತದೆ. ಅದರಲ್ಲಿ ಅದ್ದಿ ಮೇಲೆತ್ತಿದ ಬಟ್ಟೆಯೂ ಮೊದಲು ಹಸಿರೇ. ಗಾಳಿಯ ಆಮ್ಲಜನಕ ತಾಗಿದೊಡನೆ ನೋಡುನೋಡುತ್ತಿದ್ದಂತೆ ಅದು ನೀಲಿಯಾಗಿ, ಪುನಃ ಕರಗದ ರೂಪ ತಾಳಿ ನೂಲಿನಲ್ಲಿಯೇ ನಿಂತುಬಿಡುತ್ತದೆ. ವಿಜ್ಞಾನದ ಪಾಠದಲ್ಲಿ ನೀವು ಓದುವ ಅಪಕರ್ಷಣ, ಉತ್ಕರ್ಷಣಗಳಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗುವುದು ಕಷ್ಟ. ಒಮ್ಮೆ ಅದ್ದಿದರೆ ತಿಳಿನೀಲಿ. ಗಾಢವಾಗಬೇಕಾದರೆ ಮತ್ತೆ ಮತ್ತೆ ಅದ್ದಬೇಕು.

ಇನ್ನೊಂದು ಮುಖ್ಯ ವಿಷಯ. ಈ ಬಾನಿ ಕುದಿಯುವ ಬಾನಿಯಲ್ಲ. ಉಗುರುಬೆಚ್ಚಗಿನ ಶಾಖದಲ್ಲಿಯೇ ಕೆಲಸ ನಡೆಯುತ್ತದೆ. ಕುದಿನೀರಾಗಿದ್ದರೆ ಬಟ್ಟೆಗೆ ಬಳಿದ ಅಕ್ಕಿಯ ಅಂಟು ಕರಗಿಹೋಗಿ ಚಿತ್ತಾರವೇ ನಿಲ್ಲುತ್ತಿರಲಿಲ್ಲ.

ಕಟ್ಟುವ ಊರು ಅರಿಮತ್ಸು

ಬಿಳುಪನ್ನು ಕಾಯುವ ಮೊದಲನೆಯ ಉಪಾಯ ಕಟ್ಟುವುದು. ಇದಕ್ಕೆ ಜಪಾನಿನಲ್ಲಿ ‘ಶಿಬೋರಿ’ ಎನ್ನುತ್ತಾರೆ. ಹಿಂಡು, ಹಿಸುಕು ಎಂಬ ಅರ್ಥದ ಕ್ರಿಯಾಪದದಿಂದ ಬಂದ ಮಾತು ಅದು. ಇದಕ್ಕೆ ಅತ್ಯಂತ ಹೆಸರಾದ ಊರು ನಗೋಯಾ ನಗರದ ಅರಿಮತ್ಸು.

ಎದೋ ಪಟ್ಟಣದಿಂದ, ಅಂದರೆ ಇಂದಿನ ತೋಕಿಯೋದಿಂದ, ಕ್ಯೋತೋ ನಗರಕ್ಕೆ ತೋಕಾಯ್ದೋ ಎಂಬ ಹೆದ್ದಾರಿ ಇತ್ತು. ೧೬೦೮ರಲ್ಲಿ ಓವಾರಿ ಸಂಸ್ಥಾನದವರು ಆ ದಾರಿಯ ನಿರ್ಜನವಾದ ಒಂದು ಭಾಗದಲ್ಲಿ ಕೆಲವು ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದರು. ಅದೇ ಅರಿಮತ್ಸು. ನೆಲವೋ ಬೇಸಾಯಕ್ಕೆ ಒಲಿಯುವಂತಹುದಲ್ಲ. ಬದುಕುವುದು ಹೇಗೆ? ಆ ಕಾಲದಲ್ಲಿ ನಗೋಯಾದ ಕೋಟೆ ಕಟ್ಟಲು ದೂರದ ಕ್ಯೂಶೂ ದ್ವೀಪದಿಂದ ಬಂದ ಆಳುಗಳ ಬಳಿ ಕಟ್ಟಿ ಬಣ್ಣ ಹಾಕಿದ ಬಟ್ಟೆ ಇತ್ತಂತೆ. ವಲಸೆ ಬಂದವರಲ್ಲಿ ಒಬ್ಬನಾದ ತಾಕೆದಾ ಶೋಕುರೋ ಅದನ್ನು ಕಂಡು, ಹತ್ತಿಯ ಕೈವಸ್ತ್ರಗಳಿಗೆ ಹಾಗೆಯೇ ಬಣ್ಣ ಹಾಕಿ ದಾರಿಹೋಕರಿಗೆ ಮಾರತೊಡಗಿದನೆಂದು ಹೇಳುತ್ತಾರೆ. ಕೈವಸ್ತ್ರದಿಂದ ಆರಂಭವಾದ ವ್ಯಾಪಾರ ಯುಕತದ ಬಟ್ಟೆಗೆ ಬೆಳೆಯಿತು. ಹಿರೋಶಿಗೆ ಎಂಬ ಪ್ರಸಿದ್ಧ ಚಿತ್ರಕಾರ ೧೮೩೩-೩೪ರ ಸುಮಾರಿಗೆ ಹೊರತಂದ ತೋಕಾಯ್ದೋ ಚಿತ್ರಮಾಲೆಯಲ್ಲಿ ಇಲ್ಲಿಯ ಅಂಗಡಿಗಳೂ ತೂಗುಹಾಕಿದ ಬಟ್ಟೆಗಳೂ ಕಾಣುತ್ತವೆ. ೧೭೮೪ರಲ್ಲಿ ಊರಿಗೆ ಬೆಂಕಿ ಬಿದ್ದಾಗ ಜನ ಧೃತಿಗೆಡದೆ, ಹುಲ್ಲಿನ ಮಾಡಿನ ಬದಲು ಹಂಚಿನ ಮಾಡು, ದಪ್ಪ ಗಾರೆಯ ಗೋಡೆಗಳ ಮನೆ ಕಟ್ಟಿಕೊಂಡರು. ಆ ಸಾಲು ಇಂದಿಗೂ ನಿಂತಿದೆ. ೨೦೧೬ರಲ್ಲಿ ಸರಕಾರ ಅದನ್ನು ಸಂರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿತು.

ಕಟ್ಟುವ ಬಗೆಗಳು ನೂರಕ್ಕೂ ಹೆಚ್ಚು. ಜಿಂಕೆಮರಿಯ ಮೈಮೇಲಿನ ಚುಕ್ಕೆಗಳಂತೆ ಸಣ್ಣ ಸಣ್ಣ ಗಂಟು ಹಾಕುವುದು ‘ಕನೋಕೋ’. ಬಟ್ಟೆಯನ್ನು ನೆರಿಗೆ ಹಿಡಿದು ಕೊಂಬಿನಂತೆ ಸುತ್ತಿದರೆ ಜೇಡರ ಬಲೆಯಂತೆ ಕಾಣುವ ‘ಕುಮೋ’. ಸಾಲಾಗಿ ಹೊಲಿದು ದಾರ ಜಗ್ಗಿದರೆ ಮರದ ಎಳೆಗಳಂತೆ ಕಾಣುವ ‘ಮೊಕುಮೆ’. ಮಡಿಸಿ ಹಲಗೆಗಳ ನಡುವೆ ಬಿಗಿದರೆ ಹಿಮದ ಹೂವಿನಂತಹ ‘ಸೆಕ್ಕಾ’. ಉದ್ದನೆಯ ಕಂಬಕ್ಕೆ ಬಟ್ಟೆ ಸುತ್ತಿ, ಮೇಲೆ ದಾರ ಬಿಗಿದು, ಒತ್ತಿ ಸುಕ್ಕುಗಟ್ಟಿಸಿ ಬಣ್ಣ ಹಾಕಿದರೆ ಗಾಳಿಗೆ ಓರೆಯಾಗಿ ಬೀಳುವ ಮಳೆಯಂತಹ ಗೆರೆಗಳು. ಇದರ ಹೆಸರು ‘ಅರಶಿ’, ಅಂದರೆ ಬಿರುಗಾಳಿ.

ಈ ಕೆಲಸ ಒಬ್ಬರಿಂದ ಆಗುವಂತಹುದಲ್ಲ. ಒಬ್ಬರು ಚಿತ್ತಾರ ಬರೆದರೆ, ಇನ್ನೊಬ್ಬರು ಕಾಗದದಲ್ಲಿ ಅಚ್ಚು ಕೊರೆಯುತ್ತಾರೆ. ನೀರಿನಲ್ಲಿ ಅಳಿಸಿಹೋಗುವ ಒಂದು ಹೂವಿನ ರಸದಿಂದ ಬಟ್ಟೆಯ ಮೇಲೆ ಗುರುತು ಹಾಕುವವರು ಬೇರೆ. ಆಮೇಲೆ ಬಟ್ಟೆ ಸುತ್ತಲಿನ ಹಳ್ಳಿಗಳ ಹೆಂಗಸರ ಕೈಗೆ ಹೋಗುತ್ತದೆ. ಅವರು ಮನೆಗೆಲಸದ ನಡುವೆ ಕುಳಿತು ಕಟ್ಟುತ್ತಾರೆ. ಒಬ್ಬಾಕೆಗೆ ಸಾಮಾನ್ಯವಾಗಿ ಒಂದೇ ಬಗೆಯ ಕಟ್ಟು. ತಾಯಿಯಿಂದಲೋ ಅತ್ತೆಯಿಂದಲೋ ಕಲಿತುದನ್ನೇ ಜೀವಮಾನವಿಡೀ ಕಟ್ಟಿ ಕೈ ಪಳಗಿರುತ್ತದೆ. ಸಣ್ಣ ಗಂಟುಗಳ ಒಂದು ತನ್ ಬಟ್ಟೆ ಕಟ್ಟುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬಳಿಕ ಬಣ್ಣಗಾರ, ಬಳಿಕ ಬಟ್ಟೆ ಹರಿಯದಂತೆ ದಾರ ಬಿಚ್ಚುವವರು, ಕೊನೆಗೆ ಹಬೆ ಹಿಡಿದು ಬಟ್ಟೆ ನೇರ ಮಾಡುವವರು. ಅರಿಮತ್ಸುವಿನ ಬಟ್ಟೆಯಲ್ಲಿ ಕಾಣುವ ಒಂದು ಬಿಳಿಯ ಚುಕ್ಕೆ ಇಷ್ಟು ಕೈಗಳನ್ನು ದಾಟಿ ಬಂದಿರುತ್ತದೆ.

ಅಂಟಿನ ತಡೆ, ಉದ್ದನೆಯ ಹಲಗೆ

ಎರಡನೆಯ ಉಪಾಯ ಅಂಟು. ಇದರಲ್ಲಿ ಶ್ರೇಷ್ಠವಾದುದು ಎದೋ ಪಟ್ಟಣದಲ್ಲಿ ಬೆಳೆದ ‘ನಗಾಇತ ಚೂಗತ’. ನಗಾಇತ ಎಂದರೆ ಉದ್ದನೆಯ ಹಲಗೆ. ಚೂಗತ ಎಂದರೆ ಮಧ್ಯಮ ಗಾತ್ರದ ಚಿತ್ತಾರ. ಸುಮಾರು ಆರೂವರೆ ಮೀಟರು ಉದ್ದದ ಹಲಗೆಯ ಎರಡೂ ಮೈಗೆ ಬಟ್ಟೆಯನ್ನು ಸುಕ್ಕಿಲ್ಲದಂತೆ ಅಂಟಿಸುತ್ತಾರೆ. ಅದರ ಮೇಲೆ ಕಾಗದದ ಅಚ್ಚು ಇಟ್ಟು, ಜಿಗುಟಾದ ಅಕ್ಕಿಯ ಹಿಟ್ಟು ಮತ್ತು ತೌಡಿನಿಂದ ಮಾಡಿದ ಅಂಟನ್ನು ಪಟ್ಟಿಯಿಂದ ಎಳೆಯುತ್ತಾರೆ. ಅಚ್ಚಿನ ರಂಧ್ರಗಳ ಮೂಲಕ ಅಂಟು ಬಟ್ಟೆಗೆ ಇಳಿಯುತ್ತದೆ. ಅಚ್ಚನ್ನು ಮುಂದಕ್ಕೆ ಸರಿಸಿ, ಹಿಂದಿನದಕ್ಕೆ ಸರಿಯಾಗಿ ಕೂಡಿಸಿ, ಪುನಃ ಅದೇ ಕೆಲಸ.

ಇಷ್ಟಕ್ಕೇ ಮುಗಿಯಲಿಲ್ಲ. ಅಂಟು ಒಣಗಿದ ಮೇಲೆ ಬಟ್ಟೆಯನ್ನು ತಿರುಗಿಸಿ, ಹಿಂಭಾಗದಲ್ಲಿಯೂ ಅದೇ ಚಿತ್ತಾರವನ್ನು ಅದೇ ಸ್ಥಳಕ್ಕೆ ಬಳಿಯಬೇಕು. ತೆಳುವಾದ ಹತ್ತಿಬಟ್ಟೆಗೆ ಬಣ್ಣ ಹಿಂದಿನಿಂದಲೂ ನುಸುಳುತ್ತದೆ. ಎರಡೂ ಕಡೆ ಕಾವಲಿದ್ದರೆ ಮಾತ್ರ ಬಿಳುಪು ಬಿಳುಪಾಗಿ ಉಳಿಯುತ್ತದೆ. ಕೂದಲೆಳೆಯಷ್ಟು ಸ್ಥಳ ತಪ್ಪಿದರೂ ಗೆರೆ ಮಸುಕಾಗುತ್ತದೆ. ಅನಂತರ ಸೋಯಾ ಕಾಳಿನ ಹಾಲು ಬಳಿದು, ಒಣಗಿಸಿ, ನೀಲಿಯ ಬಾನಿಯಲ್ಲಿ ಅದ್ದಿ, ನೀರಿನಲ್ಲಿ ತೊಳೆದಾಗ ಅಂಟು ಕರಗಿ ಚಿತ್ತಾರ ಎದ್ದು ನಿಲ್ಲುತ್ತದೆ. ಅಸ್ತರಿಲ್ಲದ ಯುಕತದ ಒಳಮೈ ತೋಳಿನಲ್ಲಿ, ಅಂಚಿನಲ್ಲಿ ಕಂಡರೂ ಹೊರಮೈಯಷ್ಟೇ ಚೆನ್ನಾಗಿರುತ್ತದೆ.

ಅಚ್ಚಿನ ಕಾಗದವೂ ಒಂದು ಪ್ರತ್ಯೇಕ ಕಸುಬು. ಇಸೆ ಪ್ರಾಂತದ ಶಿರೋಕೋ ಮತ್ತು ಜಿಕೆ ಎಂಬ ಊರುಗಳು, ಅಂದರೆ ಇಂದಿನ ಸುಜುಕಾ ನಗರದ ಭಾಗ, ಇದಕ್ಕೆ ಪ್ರಸಿದ್ಧ. ಉಪ್ಪುನೇರಳೆಯ ಬಳಗದ ಒಂದು ಗಿಡದ ನಾರಿನ ಕಾಗದಗಳನ್ನು ಕಾಯಿ ಪರ್ಸಿಮನ್ ಹಣ್ಣಿನ ಒಗರು ರಸದಿಂದ ಒಂದರ ಮೇಲೊಂದು ಅಂಟಿಸಿ, ಹೊಗೆ ಹಾಕಿ ಗಟ್ಟಿ ಮಾಡುತ್ತಾರೆ. ಆಗ ಅದು ನೀರಿಗೆ ಹೆದರುವುದಿಲ್ಲ. ಸಣ್ಣ ಚಾಕು, ಉಳಿಗಳಿಂದ ಅದರಲ್ಲಿ ಚಿತ್ತಾರ ಕೊರೆಯುತ್ತಾರೆ. ಬಹಳ ತೆಳುವಾದ ಗೆರೆಗಳು ಅಲುಗದಿರಲೆಂದು ಎರಡು ಹಾಳೆಗಳ ನಡುವೆ ರೇಷ್ಮೆಯ ಎಳೆಗಳನ್ನು ಇಟ್ಟು ಅಂಟಿಸುವ ಕ್ರಮವೂ ಇತ್ತು.

ಸುರಿದು ಹಾಕುವ ಬಣ್ಣ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಸಾಕಾದ ಬಣ್ಣಗಾರರು ಮೂರನೆಯ ಉಪಾಯ ಕಂಡುಕೊಂಡರು. ಇದರ ಹೆಸರು ‘ಚೂಸೆನ್’, ಅಂದರೆ ಸುರಿದು ಬಣ್ಣ ಹಾಕುವುದು. ಉದ್ದನೆಯ ಬಟ್ಟೆಯನ್ನು ಒಂದು ಅಚ್ಚಿನಷ್ಟು ಹಾಸಿ ಅಂಟು ಬಳಿಯುತ್ತಾರೆ. ಬಟ್ಟೆಯನ್ನು ಅದರ ಮೇಲೆಯೇ ಮಡಿಸಿ ಪುನಃ ಅಂಟು ಬಳಿಯುತ್ತಾರೆ. ಹೀಗೆ ಪದರದ ಮೇಲೆ ಪದರ ಬೆಳೆದ ಮೇಲೆ, ಮೂತಿಯಿರುವ ಪಾತ್ರೆಯಿಂದ ಬಣ್ಣ ಸುರಿಯುತ್ತಾರೆ. ಕೆಳಗಿನಿಂದ ಯಂತ್ರವು ಗಾಳಿಯನ್ನು ಎಳೆಯುವುದರಿಂದ ಬಣ್ಣ ಎಲ್ಲ ಪದರಗಳ ಮೂಲಕ ಇಳಿಯುತ್ತದೆ. ಗುಡ್ಡೆಯನ್ನು ಮಗುಚಿ ಇನ್ನೊಂದು ಕಡೆಯಿಂದಲೂ ಸುರಿಯುತ್ತಾರೆ. ಹೊಲದಲ್ಲಿ ನೀರು ಹರಿಯದಂತೆ ಬದು ಹಾಕುವುದಿಲ್ಲವೇ? ಹಾಗೆಯೇ ಅಂಟಿನಿಂದ ಸಣ್ಣ ಬದು ಕಟ್ಟಿ, ಒಂದೇ ಸಲಕ್ಕೆ ಕೆಂಪು, ಹಳದಿ, ಹಸಿರು ಬಣ್ಣಗಳನ್ನು ಬೇರೆ ಬೇರೆಯಾಗಿ ಸುರಿಯಬಹುದು. ಈ ವಿಧಾನದಿಂದ ಕೆಲಸ ಬೇಗ ಸಾಗಿತು, ಬೆಲೆಯೂ ಇಳಿಯಿತು. ಆದರೂ ಎಷ್ಟು ಸುರಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುವುದು ಕೈ ಮತ್ತು ಕಣ್ಣುಗಳೇ.

ಸರಪಳಿಯ ಒಂದು ಕೊಂಡಿ

ಇಷ್ಟೆಲ್ಲ ಬೆಳೆದ ಕಸುಬಿಗೆ ಕುತ್ತು ಬಂದುದು ಹೇಗೆ? ಮೊದಲು ಪೆಟ್ಟು ಬಿದ್ದುದು ನೀಲಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತದ ನೀಲಿ ಜಪಾನಿನ ಪೇಟೆಗೆ ಹೋಯಿತು. ೧೮೯೭ರಲ್ಲಿ ಜರ್ಮನಿಯವರು ಕಾರ್ಖಾನೆಯಲ್ಲಿ ತಯಾರಿಸಿದ ನೀಲಿಯನ್ನು ಮಾರಾಟಕ್ಕೆ ತಂದರು. ಅದು ಅವಾ ಪ್ರಾಂತದ ಬೆಳೆಗಾರನನ್ನೂ ಭಾರತದ ನೀಲಿಯ ಬೇಸಾಯವನ್ನೂ ಒಟ್ಟಿಗೇ ಕೆಡವಿತು. ಆಮೇಲೆ ಷರಟು, ಪ್ಯಾಂಟು ದಿನಬಳಕೆಯ ಉಡುಪಾದವು. ಯಂತ್ರದಲ್ಲಿ ಮುದ್ರಿಸಿದ ಅಗ್ಗದ ಯುಕತ ಬಂದಿತು. ಕಟ್ಟುವ ಕೆಲಸ ಕೂಲಿ ಕಡಿಮೆಯಿರುವ ಕೊರಿಯಾಕ್ಕೂ ಅನಂತರ ಚೀನಾಕ್ಕೂ ಹೋಯಿತು. ಅರಿಮತ್ಸುವಿನ ಸುತ್ತಲಿನ ಹಳ್ಳಿಗಳಲ್ಲಿ ಕಟ್ಟುವವರಿಗೆ ವಯಸ್ಸಾಯಿತು.

ಒಬ್ಬರಿಗೆ ಒಂದೇ ಬಗೆ ಎಂಬ ಪದ್ಧತಿಯ ಅಪಾಯ ಆಗ ತಿಳಿಯಿತು. ಒಬ್ಬ ಮುದುಕಿ ತೀರಿಕೊಂಡರೆ ಅವಳೊಡನೆ ಒಂದು ಬಗೆಯ ಕಟ್ಟೇ ಹೋಗುತ್ತದೆ. ಬಟ್ಟೆಯ ಮಾದರಿ ಪೆಟ್ಟಿಗೆಯಲ್ಲಿ ಉಳಿದಿರಬಹುದು. ದಾರವನ್ನು ಎಷ್ಟು ಬಿಗಿಯಾಗಿ ಎಳೆಯಬೇಕೆಂಬುದು ಮಾದರಿಯಲ್ಲಿ ಬರೆದಿರುವುದಿಲ್ಲ. ಅಚ್ಚು ಕೊರೆಯುವವನು ಇಲ್ಲವಾದರೆ ಹಲಗೆಯವನ ಕೈ ಕಟ್ಟಿದಂತೆಯೇ. ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದವೆಲ್ಲ ನಿರುಪಯುಕ್ತ.

ಜಪಾನಿನವರು ಇದನ್ನು ಅರಿತುಕೊಂಡರು. ೧೯೫೦ರಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಶಾಸನ ಮಾಡಿದರು. ಗುಡಿ, ವಿಗ್ರಹಗಳಲ್ಲದೆ ಕೈಯ ವಿದ್ಯೆಯೂ ಸಂಪತ್ತೇ ಎಂದು ಒಪ್ಪಿದುದು ಅದರ ವಿಶೇಷ. ೧೯೫೫ರಲ್ಲಿ ನಗಾಇತ ಚೂಗತದ ಶಿಮಿಜು ಕೋತಾರೋ ಮತ್ತು ಮತ್ಸುಬಾರಾ ಸದಾಕಿಚಿ ಎಂಬ ಇಬ್ಬರು ಬಣ್ಣಗಾರರನ್ನೂ, ಇಸೆಯ ಅಚ್ಚು ಕೊರೆಯುವವರನ್ನೂ ಸರಕಾರ ಗೌರವಿಸಿತು. ಇಂತಹವರನ್ನು ಜನ ‘ಜೀವಂತ ರಾಷ್ಟ್ರ ನಿಧಿ’ ಎಂದು ಕರೆಯುತ್ತಾರೆ. ಗೌರವದ ಜೊತೆಗೆ ಶಿಷ್ಯರಿಗೆ ವಿದ್ಯೆ ದಾಟಿಸುವ ಹೊಣೆಯೂ ಅವರ ಮೇಲಿರುತ್ತದೆ. ೧೯೭೫ರಲ್ಲಿ ಅರಿಮತ್ಸು ಮತ್ತು ನೆರೆಯ ನರುಮಿಯ ಶಿಬೋರಿಗೆ ಸಾಂಪ್ರದಾಯಿಕ ಕರಕುಶಲ ವಸ್ತುವೆಂಬ ಮನ್ನಣೆ ದೊರೆಯಿತು. ಆದರೆ ಮನ್ನಣೆಯೊಂದರಿಂದಲೇ ಕಸುಬು ಬದುಕುವುದಿಲ್ಲ. ಕೊಳ್ಳುವವರು ಬೇಕು, ಕಲಿಯುವವರು ಬೇಕು. ಅರಿಮತ್ಸುವಿನ ಬಣ್ಣದ ಮನೆತನದ ಒಬ್ಬ ತರುಣ ಜರ್ಮನಿಯಲ್ಲಿ ಓದಿ, ೨೦೦೮ರಲ್ಲಿ ಅಲ್ಲಿ ವ್ಯಾಪಾರ ತೆರೆದು, ತನ್ನ ಊರಿನಲ್ಲಿ ಕಟ್ಟಿಸಿದ ಬಟ್ಟೆಗಳನ್ನು ಹೊಸ ಉಡುಪುಗಳಾಗಿ ಮಾರತೊಡಗಿದ. ಅದರಿಂದ ಕೆಲವು ಯುವಕರು ಊರಿಗೆ ಬಂದು ಕೆಲಸ ಕಲಿಯುವಂತಾಯಿತು.

ದೂರದ ದೇಶದ ಈ ಮಾತು ನಮಗೇಕೆ ಎಂದು ಪಾಲಕ ಬಂಧುಗಳು ಕೇಳಬಹುದು. ನಮ್ಮ ಭಾಗದಲ್ಲಿ ನೀಲಗಾರ, ನಿರಾಳಿ ಎಂಬ ಹೆಸರಿನ ಮನೆತನಗಳಿವೆ. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು. ಎರಡೂ ನೀಲಿ ಬಣ್ಣದ ಕಸುಬಿನಿಂದ ಬಂದ ಹೆಸರುಗಳೇ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿದಿದೆ; ಬಾನಿ ಮಾತ್ರ ಕಾಣುತ್ತಿಲ್ಲ. ನಮ್ಮ ಮಕ್ಕಳು ಮಗ್ಗದ ಮನೆ ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗಬಾರದೆಂದು ಇದರ ಅರ್ಥವಲ್ಲ. ಹೋಗಲಿ, ಮೇಲೆ ಬರಲಿ. ಆದರೆ ಅಜ್ಜನ ಕೈಗೆ ತಿಳಿದಿದ್ದುದೇನು ಎಂಬುದನ್ನು ಅಜ್ಜ ಇರುವಾಗಲೇ ಕೇಳಿ ಬರೆದಿಟ್ಟುಕೊಂಡರೆ ನಷ್ಟವೇನೂ ಇಲ್ಲ.

ವಿದ್ಯಾರ್ಥಿಗಳೇ, ರಜೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿರಿ. ಹಳೆಯ ಬಿಳಿಯ ಹತ್ತಿಬಟ್ಟೆಯ ತುಂಡೊಂದನ್ನು ತೊಳೆದುಕೊಳ್ಳಿರಿ. ಅಲ್ಲಲ್ಲಿ ಒಂದೊಂದು ಕಡಲೆಕಾಳು ಇಟ್ಟು, ಬಟ್ಟೆಯನ್ನು ಅದರ ಸುತ್ತ ಸೇರಿಸಿ, ಕಾಳಿನ ಬುಡದಲ್ಲಿ ದಾರವನ್ನು ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಕಟ್ಟಿರಿ. ಅರಿಸಿನ ಕದಡಿದ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಸಿ, ತಣ್ಣೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ದಾರ ಬಿಚ್ಚಿರಿ. ಬಿಗಿಯಾಗಿ ಕಟ್ಟಿದ ಕಡೆ ಬಿಳಿಯ ಉಂಗುರ ಸ್ಪಷ್ಟವಾಗಿ ಮೂಡಿರುತ್ತದೆ. ಸಡಿಲಾಗಿದ್ದ ಕಡೆ ಹಳದಿ ನುಸುಳಿರುತ್ತದೆ. ಹತ್ತು ಗಂಟು ಕಟ್ಟುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿರಿ. ಒಂದು ತನ್ ಬಟ್ಟೆಯ ತುಂಬ ಗಂಟು ಕಟ್ಟುವುದಕ್ಕೆ ಎಷ್ಟು ದಿನ ಬೇಕಾದೀತೆಂದು ನೀವೇ ಲೆಕ್ಕ ಹಾಕಿರಿ. ಬಟ್ಟೆಯ ತುಂಡನ್ನೂ ಲೆಕ್ಕವನ್ನೂ ಶಾಲೆ ಆರಂಭವಾದಾಗ ತರಗತಿಗೆ ತನ್ನಿರಿ.